ದೇವರ ಸಮಯ ಅಂತ ಕಾಯುವುದು ನಂಬಿಕೆಯಾ, ನೆಪವಾ?

ನೀವು ಬರೆದಿರುವುದು ಇಷ್ಟು: ವಯಸ್ಸು 31, ಮೈಸೂರಿನಲ್ಲಿ ಖಾಸಗಿ ಕೆಲಸ. ಸರ್ಕಾರಿ ನೇಮಕಾತಿಯ ಪಟ್ಟಿ ಎರಡು ಸಲ ಕೂದಲೆಳೆಯಲ್ಲಿ ತಪ್ಪಿದೆ, ಮದುವೆಯೂ ಕೂಡಿಬಂದಿಲ್ಲ. ಆರಾಧನೆ ಮುಗಿಸಿ ಹೊರಗೆ ಬಂದರೆ ಎಲ್ಲರದೂ ಒಂದೇ ಮಾತು, 'ದೇವರ ಸಮಯ ಬರುತ್ತೆ, ಕಾಯಮ್ಮ.' ಹೊರಗಿನಿಂದ ಬಂದ ಬೋಧಕರೊಬ್ಬರು ಈ ವರ್ಷದೊಳಗೆ ಎರಡೂ ಆಗುತ್ತವೆ ಅಂತ ತಲೆ ಮೇಲೆ ಕೈಯಿಟ್ಟು ಹೇಳಿಹೋದರು. ಡಿಸೆಂಬರ್ ಬಂದಿದೆ. ಇನ್ನೂ ಕಾಯುವುದು ನಂಬಿಕೆಯಾ, ಸುಮ್ಮನೆ ನೆಪವಾ ಅಂತ ಕೇಳಿದ್ದೀರಿ.

ನಾನು ದೇವಶಾಸ್ತ್ರ ಓದಿದವಳಲ್ಲ. ಮಂಡ್ಯ ಕಡೆಯ ಕಬ್ಬು ಬೆಳೆಯುವ ಮನೆಯವಳು, ಈಗ ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ಕಾಯುವುದು ಅಂದರೆ ನನಗೆ ಮೊದಲು ನೆನಪಾಗುವುದು ಕಟಾವಿನ ಪರ್ಮಿಟ್ಟು, ಅಂದರೆ ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆ ಕೊಡುವ ಚೀಟಿ.

ನನ್ನ ಡಿಗ್ರಿ ಮುಗಿದ ವರ್ಷ ಕಬ್ಬಿನ ದುಡ್ಡಲ್ಲಿ ಬಿ.ಎಡ್. ಫೀಸು ಕಟ್ಟುವುದು ಅಂತ ಮನೆಯಲ್ಲಿ ಮಾತಾಗಿತ್ತು. ಕಾರ್ಖಾನೆಯಿಂದ ಪರ್ಮಿಟ್ಟೇ ಬರಲಿಲ್ಲ. 12 ತಿಂಗಳಿಗೆ ಕಡಿಯಬೇಕಿದ್ದ ಕಬ್ಬು 16 ತಿಂಗಳು ನಿಂತು ಹೂ ಬಿಟ್ಟಿತು, ಒಳಗೆಲ್ಲ ಬೆಂಡಾಗಿ ತೂಕ ಇಳಿಯಿತು. ಬಂದ ದುಡ್ಡು ಸಾಲಕ್ಕೇ ಸರಿಹೋಯಿತು. ನಾನು ಮೈಸೂರಿಗೆ ಬಂದು ಎರಡು ವರ್ಷ ಜೆರಾಕ್ಸ್ ಅಂಗಡಿಯಲ್ಲಿ ದುಡಿದೆ. ಆಮೇಲೆ ಸೇರಿದ ಬಿ.ಎಡ್. ತರಗತಿಯಲ್ಲೇ ನನ್ನ ಗಂಡನ ಪರಿಚಯವಾಯಿತು.

ಮದುವೆಯಾದ ಹೊಸದರಲ್ಲಿ ಊರಿನ ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳಲು, ಅಂದರೆ ದೇವರು ನನ್ನ ಬದುಕಿನಲ್ಲಿ ಮಾಡಿದ್ದನ್ನು ಎಲ್ಲರೆದುರು ಹೇಳಲು ನಿಂತೆ. ಅವತ್ತು ಫೀಸು ಕಟ್ಟಿದ್ದರೆ ಇವರು ಸಿಗುತ್ತಿರಲಿಲ್ಲ, ದೇವರು ಬೇಕೆಂದೇ ತಡಮಾಡಿದರು ಅಂದೆ. ಸಭೆಯಲ್ಲಿ 'ಸ್ತೋತ್ರ, ಸ್ತೋತ್ರ' ಅಂದರು. ಅಪ್ಪ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮನೆಗೆ ನಡೆಯುವಾಗ ನಾಲೆ ಏರಿ ಮೇಲೆ ನಿಂತು ಮೆಲ್ಲಗೆ ಕೇಳಿದರು, "ಅಂಗಾದ್ರೆ ನನ್ ಕಬ್ಬು ಒಣಗಿದ್ದು ನಿನ್ ಮದ್ವೆ ಮಾಡ್ಸಕ್ಕಾ ಮಗಾ?"

ಉತ್ತರ ಬರಲಿಲ್ಲ. ಇವತ್ತಿಗೂ ಇಲ್ಲ.

ಅದಾದ ಮೇಲೆ ಬೈಬಲ್ಲಿನ ಯೋಸೇಫನ ಕಥೆಯನ್ನು ಬೇರೆ ಥರ ಓದಿದೆ. ಅಣ್ಣಂದಿರು ಅವನನ್ನು ಗುಂಡಿಗೆ ತಳ್ಳಿ, ಆಮೇಲೆ ಮಾರಿದ ಕಥೆ ಶುರುವಾಗುವಾಗ ಅವನಿಗೆ 17 ವರ್ಷ, ಈಜಿಪ್ಟಿನ ರಾಜ ಫರೋಹನ ಮುಂದೆ ನಿಂತಾಗ 30. ನಡುವೆ, ಜೊತೆಗೆ ಜೈಲಿನಲ್ಲಿದ್ದು ಬಿಡುಗಡೆಯಾಗಿ ಹೋದ ಪಾನದಾಯಕ (ರಾಜನಿಗೆ ದ್ರಾಕ್ಷಾರಸ ಕೊಡುವವನು) ಇವನನ್ನು ಮರೆತು ಎರಡು ವರ್ಷ ಜೈಲಿನಲ್ಲೇ ಕಳೆಯಿತು. 'ನೀವು ಕೇಡು ಬಗೆದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದ' ಎಂಬ ಅರ್ಥದ ಮಾತು ಬರುವುದು ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ ಕೊನೆಯ ಅಧ್ಯಾಯದಲ್ಲಿ. ಅದನ್ನು ಆಡಿದವನು ಯೋಸೇಫನೇ, ತನ್ನ ಬದುಕಿನ ಬಗ್ಗೆ, ಎಲ್ಲ ಮುಗಿದ ಮೇಲೆ. ಗುಂಡಿಯಲ್ಲಿ ಬಿದ್ದಿದ್ದವನಿಗೆ ಮೇಲಿನಿಂದ ಬಗ್ಗಿ ಯಾರೂ ಹಾಗೆ ಹೇಳಲಿಲ್ಲ. ನಮ್ಮ ಸಭೆಗಳಲ್ಲಿ ನಾವು ಮಾಡುವುದು ಅದನ್ನೇ. ನಾನು ಅಪ್ಪನ ಕಬ್ಬಿಗೂ ಅದನ್ನೇ ಮಾಡಿದ್ದೆ.

ಈಗ ನಿಮ್ಮ ಬೋಧಕರ ವಿಷಯ. ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುವ, ಪ್ರವಾದಿ ಯೆರೆಮೀಯನ ಪುಸ್ತಕದ 29:11 ನಿಮಗೂ ಬಾಯಿಪಾಠವಿರುತ್ತದೆ, ನಿರೀಕ್ಷೆಯ ವಚನ. ಅದರ ಹಿಂದಿನ ವಚನವನ್ನು ಮಾತ್ರ ಯಾರೂ ಅಚ್ಚು ಹಾಕಿಸುವುದಿಲ್ಲ. ಅಲ್ಲಿರುವುದು ಊರಿಗೆ ಮರಳಲು 70 ವರ್ಷ ಅಂತ! ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಹೋದವರಿಗೆ ಯೆರೆಮೀಯ ಬರೆದ ಕಾಗದ ಅದು. ಓದಿಸಿಕೊಂಡವರಲ್ಲಿ ನಿಮ್ಮ ವಯಸ್ಸಿನವರಿದ್ದರೆ ಅವರು ಯೆರೂಸಲೇಮನ್ನು ಮತ್ತೆ ನೋಡಿರಲಾರರು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬವನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ದೇವಾಲಯದಲ್ಲಿ ಎಲ್ಲರೆದುರು ಸಾರಿದ್ದ. ಯೆರೆಮೀಯ ಮೊದಲು 'ಆಮೆನ್, ಹಾಗೇ ಆಗಲಿ' ಅಂದದ್ದು ನನಗೆ ಬಹಳ ಹಿಡಿಸುತ್ತದೆ. ಅವನಿಗೂ ಅದು ನಿಜವಾಗಲಿ ಅನ್ನಿಸಿತ್ತೋ ಏನೋ. ಆದರೆ ತಾರೀಖು ಕೊಟ್ಟ ಹನನ್ಯನದು ಸುಳ್ಳಾಯಿತು. ಆದ್ದರಿಂದ ಡಿಸೆಂಬರ್ 31ಕ್ಕೆ ನಿಮ್ಮ ನಂಬಿಕೆಯನ್ನು ಕಟ್ಟಿಹಾಕಬೇಡಿ. ಆ ಗಡುವು ಕೊಟ್ಟದ್ದು ಒಬ್ಬ ಮನುಷ್ಯ. ಕಾಣಿಕೆ ಕೊಟ್ಟರೆ ಬೇಗ ಆಗುತ್ತೆ ಅಂತಲೂ ಅವರು ಹೇಳಿದ್ದರೆ ಆ ನಂಬರನ್ನೇ ಬ್ಲಾಕ್ ಮಾಡಿ.

ಹಾಗಾದರೆ ಕೈಕಟ್ಟಿ ಕೂರಬೇಕಾ? ಅದೇ ಕಾಗದದಲ್ಲಿ 5ನೇ ವಚನದಿಂದ ನೋಡಿ: ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ, ಮದುವೆ ಮಾಡಿಕೊಳ್ಳಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ನಮ್ಮ ಕಡೆ ನಾಲೆಗೆ ಕಟ್ಟು ನೀರು ಬಿಡುತ್ತಾರೆ, ಸರದಿ ಪ್ರಕಾರ. ಕನ್ನಂಬಾಡಿಯ ತೂಬು ಎತ್ತುವವರು ಅಪ್ಪನನ್ನು ಕೇಳಿ ಎತ್ತುವುದಿಲ್ಲ. ಆದರೂ ನೀರು ಬರುವ ಹೊತ್ತಿಗೆ ಅವರು ಬದು ಕಟ್ಟಿ, ಕಾಲುವೆಯ ಹೂಳು ತೆಗೆದಿರುತ್ತಿದ್ದರು. ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿ. ವಯೋಮಿತಿ ಎಷ್ಟಿದೆ ನೋಡಿಕೊಂಡು, ಇನ್ನೆಷ್ಟು ಸಲ ಬರೆಯುವುದು ಅಂತ ನೀವೇ ತೀರ್ಮಾನಿಸಿ. ಸಂಬಂಧ ಬಂದರೆ ಹುಡುಗನ ಬಗ್ಗೆ ಚೆನ್ನಾಗಿ ವಿಚಾರಿಸಿ. 'ದೇವರೇ ಕಳಿಸಿದ್ದು' ಅಂದ ಮಾತ್ರಕ್ಕೆ ಒಪ್ಪಬೇಡಿ. ಇದ್ಯಾವುದೂ ಅಪನಂಬಿಕೆಯಲ್ಲ.

ಸಿಟ್ಟು ಬಂದರೆ ಅದನ್ನೂ ದೇವರ ಹತ್ತಿರವೇ ಹೇಳಿ. ಬೈಬಲ್ಲಿನ 13ನೇ ಕೀರ್ತನೆ ಶುರುವಾಗುವುದೇ ಜಗಳದಿಂದ, 'ಎಲ್ಲಿಯ ತನಕ' ಅಂತ ಮೊದಲಲ್ಲೇ ನಾಲ್ಕು ಸಲ ಕೇಳುತ್ತದೆ. ಜೆರಾಕ್ಸ್ ಅಂಗಡಿಯ ದಿನಗಳಲ್ಲಿ ಸಂಜೆ ಬಸ್ಸಿಗೆ ಮುಂಚೆ ಫಿಲೋಮಿನಾ ಚರ್ಚಿನಲ್ಲಿ ಕೂತು ನಾನೂ ಅದನ್ನೇ ಕೇಳುತ್ತಿದ್ದೆ. ಅದು ಕ್ಯಾಥೊಲಿಕ್ ಚರ್ಚು, ನಮ್ಮದು ಸಿ.ಎಸ್.ಐ. ಅನ್ನುವ ಪ್ರಾಟೆಸ್ಟೆಂಟ್ ಸಭೆ. ಆದರೂ ಹೋಗುತ್ತಿದ್ದೆ; ಅಲ್ಲಿ ನನ್ನನ್ನು ಯಾರೂ ಗುರುತು ಹಿಡಿಯುತ್ತಿರಲಿಲ್ಲ, ಅದೇ ಅನುಕೂಲ.

ಅಪ್ಪ ಈಗಲೂ ಕಬ್ಬು ಹಾಕುತ್ತಾರೆ. ಮೊದಲ ಕಟ್ಟು ಕಬ್ಬನ್ನು ಸುಗ್ಗಿ ಹಬ್ಬದ ಆರಾಧನೆಗೆ ತಂದಿಡುತ್ತಾರೆ. ಆ ವರ್ಷದ ಬಗ್ಗೆ ಮಾತ್ರ ಸಾಕ್ಷಿ ಹೇಳುವುದಿಲ್ಲ.

ಇನ್ನು ಬರುವ ಭಾನುವಾರ ಯಾರಾದರೂ ಮತ್ತೆ ಕೇಳಿದರೆ 'ಇನ್ನೂ ಆಗಿಲ್ಲ ಆಂಟಿ, ಪ್ರಾರ್ಥನೆ ಮಾಡಿ' ಅಂದು ಟೀ ಲೋಟ ಹಿಡಿದು ಆ ಕಡೆ ಹೋಗಿಬಿಡಿ. ನಾನು ಎರಡು ವರ್ಷ ಹಾಗೇ ಮಾಡಿದೆ.