ಆ ಮೈದಾನ ಮೊದಲು ಯಾರ ಹೊಲವಾಗಿತ್ತು?

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ಐರ್ಲೆಂಡಿನ ಟಿಪ್ಪರೇರಿ ಜಿಲ್ಲೆಯಲ್ಲಿ ನೀವಿರುವ ಊರಿನ, ಹರ್ಲಿಂಗ್ ಅನ್ನುವ ಕೋಲು ಚೆಂಡಿನ ಆಟದ ಕ್ಲಬ್ಬಿನ ಚರಿತ್ರೆ ಬರೆದು ಕಳಿಸಿದ್ದೀರಿ. ಎರಡು ಸಲ ಓದಿದೆ. ಈಗ ಇರುವ ಹಾಗೆ ಇದನ್ನು ನಾವು ಪ್ರಕಟಿಸುವುದಿಲ್ಲ. ಆದರೆ ಮತ್ತೆ ಬರೆದು ಕಳಿಸಿದರೆ ಪ್ರಕಟಿಸುವ ಆಸೆ ನನಗೆ ತುಂಬಾ ಇದೆ. ಅದಕ್ಕೇ ಈ ಪತ್ರ ಇಷ್ಟು ಉದ್ದ. ಬೇಡ ಅನ್ನುವುದಷ್ಟೇ ಆಗಿದ್ದರೆ ಎರಡು ಸಾಲು ಸಾಕಿತ್ತು.

ನಿಮ್ಮ ಲೇಖನ ಹದಿನಾಲ್ಕು ಪುಟ. ಅದರಲ್ಲಿ ಮೊದಲ ಒಂಬತ್ತು ಪುಟ ಇಡೀ ಐರ್ಲೆಂಡಿನ ಕಥೆ. 1884ರ ನವೆಂಬರ್ 1ರಂದು ಥರ್ಲಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ ಸೇರಿದ ಸಭೆ, ಅದನ್ನು ಕರೆದ ಮೈಕಲ್ ಕ್ಯೂಸಾಕ್, ಮೊದಲ ಅಧ್ಯಕ್ಷರಾದ ಮಾರಿಸ್ ಡೇವಿನ್, ಹರ್ಲಿಂಗ್ ಮತ್ತು ಐರಿಶರದೇ ಆದ ಗೇಲಿಕ್ ಫುಟ್‌ಬಾಲ್ ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿದ್ದು. ಆಮೇಲೆ 1920ರ ನವೆಂಬರ್ 21. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಗೇಲಿಕ್ ಫುಟ್‌ಬಾಲ್ ನೋಡಲು ಬಂದ ಜನರ ಮೇಲೆ ಬ್ರಿಟಿಷ್ ಪಡೆ ಗುಂಡು ಹಾರಿಸಿ 14 ಜನ ಸತ್ತಿದ್ದು. ಎಲ್ಲ ಸರಿಯಾಗಿಯೇ ಇದೆ. ಆದರೆ ನಿಮ್ಮ ಊರು ಬರುವುದು ಹತ್ತನೇ ಪುಟದಲ್ಲಿ. ಬಂದ ಮೇಲೂ ಗೆದ್ದ ಕಪ್‌ಗಳ ಪಟ್ಟಿ, ಕಾರ್ಯದರ್ಶಿಗಳ ಪಟ್ಟಿ. ಕೊನೆಗೆ "ಇಂದು ಕ್ಲಬ್ ಹೆಮ್ಮರವಾಗಿ ಬೆಳೆದು ನಿಂತಿದೆ" ಅನ್ನುವ ಸಾಲು.

ಮಗ ಅಲ್ಲಿ ಆಡುತ್ತಾನೆ, ಆರು ವರ್ಷದಿಂದ ಪ್ರತಿ ಶನಿವಾರ ಬೆಳಿಗ್ಗೆ ಮೈದಾನದ ಗೇಟಿನ ಹತ್ತಿರ ನಿಂತಿದ್ದೇನೆ ಅಂತ ಜೊತೆಗಿಟ್ಟ ಪತ್ರದಲ್ಲಿ ಹೇಳಿದ್ದೀರಿ. ಲೇಖನದಲ್ಲಿ ಆ ಗೇಟೂ ಇಲ್ಲ, ಮೈದಾನವೂ ಇಲ್ಲ. ಹದಿನಾಲ್ಕು ಪುಟದಲ್ಲಿ ನಾನು ಹುಡುಕಿ ಸಿಗದೇ ಹೋದ ಮಾತು ಒಂದೇ. ಆ ಮೈದಾನ ಮೊದಲು ಯಾರ ಹೊಲವಾಗಿತ್ತು?

ಇದು ಸಣ್ಣ ಪ್ರಶ್ನೆಯಲ್ಲ. 1880ರ ಸುಮಾರಿಗೆ ಅಲ್ಲಿನ ರೈತರಲ್ಲಿ ಬಹುಪಾಲು ಜನ ಗೇಣಿದಾರರು. ಗೇಣಿ ಅಂದರೆ ಸಾಕು, ನಮ್ಮ ಓದುಗರಿಗೆ ಬೇರೆ ವಿವರಣೆ ಬೇಕಿಲ್ಲ. 1879ರಲ್ಲಿ ಲ್ಯಾಂಡ್ ಲೀಗ್ ಹುಟ್ಟಿತು. ಗೇಣಿ ಇಳಿಸಿ, ಒಕ್ಕಲೆಬ್ಬಿಸಬೇಡಿ ಅಂತ ಊರೂರಲ್ಲಿ ಹೋರಾಟ ಎದ್ದಿತು. ಆ ಲೀಗ್ ಕಟ್ಟಿದವರಲ್ಲಿ ಮುಖ್ಯರಾದ ಮೈಕಲ್ ಡೇವಿಟ್ ಐದು ವರ್ಷದ ನಂತರ ಈ ಆಟದ ಸಂಘಕ್ಕೂ ಪೋಷಕರಾದರು. ಜಮೀನಿನ ಜಗಳಕ್ಕೂ ಆಟಕ್ಕೂ ಬಂದ ಜನ ಎಷ್ಟೋ ಕಡೆ ಒಬ್ಬರೇ. ಶುರುವಿನಲ್ಲಿ ಹಳ್ಳಿಯ ಕ್ಲಬ್‌ಗಳಿಗೆ ಸ್ವಂತ ಮೈದಾನ ಎಲ್ಲಿತ್ತು? ಯಾರೋ ಒಬ್ಬ ರೈತ ತನ್ನ ದನ ಮೇಯುವ ಹೊಲವನ್ನು ಭಾನುವಾರ ಮಧ್ಯಾಹ್ನಕ್ಕೆ ಬಿಟ್ಟುಕೊಡಬೇಕು. ನಲವತ್ತು ಜನ ಓಡಾಡಿದರೆ ಹುಲ್ಲು ಹಾಳು. ಆ ರೈತನೇ ಗೇಣಿದಾರನಾಗಿದ್ದರೆ ಒಡೆಯನ ಕಣ್ಣೂ ಅವನ ಮೇಲೆ. ಆದರೂ ಕೊಟ್ಟ. ಯಾಕೆ ಕೊಟ್ಟ? ಮುಂದಿನ ವರ್ಷ ಕೊಡಲಿಲ್ಲ ಅಂದರೆ ಯಾಕೆ ಕೊಡಲಿಲ್ಲ? 1903ರ ಭೂ ಕಾಯ್ದೆಯಿಂದ ಸರ್ಕಾರದ ಸಾಲ ಪಡೆದು ಗೇಣಿದಾರರು ತಾವೇ ಒಡೆಯರಾಗುತ್ತಾ ಹೋದರು. ನಿಮ್ಮ ಮೈದಾನ ಆ ಕೈಬದಲಾವಣೆಯ ಆಚೆ ಇದೆಯೋ ಈಚೆಯೋ?

ಇದನ್ನು ಹುಡುಕುವುದು ಸಾಧ್ಯ ಅನ್ನುವುದೇ ನನಗೆ ಖುಷಿ. ಗ್ರಿಫಿತ್ ವ್ಯಾಲ್ಯುಯೇಷನ್ ಅಂತ 19ನೇ ಶತಮಾನದ ಮಧ್ಯದ ಕಂದಾಯ ದಾಖಲೆ ಇದೆ. ನಮ್ಮ ಪಹಣಿಯ ಹಾಗೆ. ಪ್ರತಿ ತುಂಡು ಜಮೀನಿಗೂ ಉಳುವವರ ಹೆಸರು, ಒಡೆಯರ ಹೆಸರು, ನಕ್ಷೆ. 1901 ಮತ್ತು 1911ರ ಜನಗಣತಿ ಮನೆಮನೆಯ ಲೆಕ್ಕದ ಸಮೇತ ಇದೆ. ಎಲ್ಲವನ್ನೂ ಆನ್‌ಲೈನಿನಲ್ಲಿ ಪುಕ್ಕಟೆ ನೋಡಬಹುದು. ನಿಮ್ಮ ಹಳೆಯ ಆಟಗಾರರ ಪಟ್ಟಿ ಹಿಡಿದು 1901ರ ಗಣತಿ ನೋಡಿ. ಯಾರು ರೈತನ ಮಗ, ಯಾರು ಕೂಲಿಯಾಳು, ಯಾರ ಮನೆಯಲ್ಲಿ ಓದು ಬರಹ ಬರುತ್ತಿತ್ತು ಅಂತ ಗೊತ್ತಾಗುತ್ತದೆ. ಆಡಿದವರು ಯಾರು, ಸಮಿತಿಯಲ್ಲಿ ಕುಳಿತವರು ಯಾರು ಅನ್ನುವುದೂ ಗೊತ್ತಾಗಬಹುದು. ನಿಮ್ಮ ಕಾರ್ಯದರ್ಶಿಗಳ ಪಟ್ಟಿ ಆಗ ಬರೀ ಹೆಸರಾಗಿ ಉಳಿಯುವುದಿಲ್ಲ.

ಈಗ ಎರಡು ತಪ್ಪು. ಎರಡೂ ತಿದ್ದಬಹುದಾದವು, ಆದರೆ ಅಚ್ಚಾಗಿದ್ದರೆ ಆ ಊರಿನವರ ಮುಂದೆ ನಿಮಗೂ ನಮಗೂ ಮುಜುಗರ.

ಈ ಆಟದಲ್ಲಿ ಗೋಲು ಬೇರೆ, ಪಾಯಿಂಟ್ ಬೇರೆ. 1888ರ ಪಂದ್ಯವೊಂದರಲ್ಲಿ ನಿಮ್ಮ ಕ್ಲಬ್ 1 ಗೋಲು 1 ಪಾಯಿಂಟ್, ಎದುರಾಳಿ 5 ಪಾಯಿಂಟ್, ಗೆದ್ದದ್ದು ನಿಮ್ಮ ಕ್ಲಬ್ ಅಂತ ಹಳೆಯ ಪತ್ರಿಕೆಯಲ್ಲಿದೆ. ನೀವು ಗೋಲಿಗೆ 3 ಪಾಯಿಂಟ್ ಲೆಕ್ಕ ಹಾಕಿ 4 ಮಾಡಿದ್ದೀರಿ. 5ಕ್ಕಿಂತ 4 ಕಡಿಮೆ, ಹಾಗಾಗಿ "ಪತ್ರಿಕೆಯ ಅಚ್ಚಿನ ತಪ್ಪು" ಅಂದಿದ್ದೀರಿ. ಪತ್ರಿಕೆ ಸರಿಯಾಗಿಯೇ ಬರೆದಿದೆ. ಆಗ ಒಂದು ಗೋಲಿನ ಮುಂದೆ ಎಷ್ಟೇ ಪಾಯಿಂಟ್ ಇದ್ದರೂ ಲೆಕ್ಕವಿಲ್ಲ. 1892ರಲ್ಲಿ ಗೋಲಿಗೆ 5 ಪಾಯಿಂಟ್ ಅಂತಾಯಿತು. 3 ಆಗಿದ್ದು 1896ರಲ್ಲಿ.

ಇನ್ನೊಂದು, ಫೋಟೋ. ಕೆಳಗೆ "1889ರ ತಂಡ" ಅಂತ ಹಾಕಿದ್ದೀರಿ. ನಾನು ತಲೆ ಎಣಿಸಿದೆ. ಹರ್ಲಿ ಕೋಲು ಹಿಡಿದವರು 17 ಜನ. 1889ರಲ್ಲಿ ಒಂದು ತಂಡಕ್ಕೆ 21 ಜನ ಇರುತ್ತಿದ್ದರು. 1892ರಲ್ಲಿ ಅದು 17ಕ್ಕೆ ಇಳಿಯಿತು, 1913ರಲ್ಲಿ ಈಗಿರುವ 15ಕ್ಕೆ. ನಾಲ್ಕು ಜನ ಅವತ್ತು ಫೋಟೋಗೆ ಬಾರದೇ ಇದ್ದಿರಲೂಬಹುದು. ಆದರೂ ಆ ಫೋಟೋ 1892 ಮತ್ತು 1913ರ ನಡುವಿನದ್ದು ಅನ್ನುವ ಅನುಮಾನ ನನಗೆ ಜಾಸ್ತಿ. ವಿಚಾರಿಸಿ.

ವಿಚಾರಿಸಿ ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಹನ್ನೊಂದನೇ ಪುಟದಲ್ಲಿ ನೀವೇ ಬರೆದಿದ್ದೀರಿ: "1892ರಿಂದ 1899ರವರೆಗೆ ಕ್ಲಬ್ ನಿಷ್ಕ್ರಿಯವಾಗಿತ್ತು." ಅಷ್ಟೇ. ಮುಂದಿನ ಸಾಲಿನಲ್ಲಿ 1900ರ ಕಪ್ಪು. ಏಳೆಂಟು ವರ್ಷ ಊರಲ್ಲಿ ತಂಡವೇ ಇರಲಿಲ್ಲ ಅಂದರೆ ಏನಾಗಿತ್ತು? ಕಥೆ ಇರುವುದೇ ಅಲ್ಲಿ ಅನ್ನಿಸಿತು ನನಗೆ. 1890ರ ಕೊನೆಗೆ ಐರಿಶ್ ರಾಜಕಾರಣದ ದೊಡ್ಡ ನಾಯಕ ಪಾರ್ನೆಲ್ ಅವರ ಹೆಸರು ಒಂದು ವಿಚ್ಛೇದನದ ಮೊಕದ್ದಮೆಯಲ್ಲಿ ಬಂದು ಅವರ ಪಕ್ಷ ಎರಡು ಹೋಳಾಯಿತು. ಚರ್ಚು ಪಾರ್ನೆಲ್ ಅವರಿಗೆ ವಿರುದ್ಧ. ಆಟದ ಸಂಘದ ಮುಂದಾಳುಗಳಲ್ಲಿ ಹೆಚ್ಚಿನವರು ಅವರ ಪರ. 1891ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಶವಯಾತ್ರೆಯಲ್ಲಿ ಹರ್ಲಿ ಹಿಡಿದ ಆಟಗಾರರ ದೊಡ್ಡ ಸಾಲೇ ನಡೆಯಿತು. ಇದು ಡಬ್ಲಿನ್ನಿನ ಮಾತು. ಹಳ್ಳಿಯಲ್ಲಿ ಹೇಗಿದ್ದಿರಬಹುದು? ಬೆಳಿಗ್ಗೆ ಪೂಜೆಯಲ್ಲಿ ಪಾದ್ರಿ ಬೈದ ಮನುಷ್ಯನ ಪರವಾಗಿ ಮಧ್ಯಾಹ್ನ ಕ್ಲಬ್ ನಿಲ್ಲಬೇಕು. ಅದೇ ಊರು, ಅದೇ ಇಪ್ಪತ್ತು ಮನೆ. ಆ ವರ್ಷಗಳಲ್ಲಿ ದೇಶದ ತುಂಬ ಕ್ಲಬ್‌ಗಳು ಮುಚ್ಚಿದವು. ಜೊತೆಗೆ ಹುಡುಗರು ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಲೇ ಇದ್ದರು.

ಅದೇ ಹೊತ್ತಿಗೆ ನಿಮ್ಮ ಟಿಪ್ಪರೇರಿಯಲ್ಲೇ ಟಬ್ಬರಡೋರ ಅನ್ನುವ ಜಾಗದ ತಂಡ 1895, 1896 ಮತ್ತು 1898ರಲ್ಲಿ ಅಖಿಲ ಐರ್ಲೆಂಡ್ ಹರ್ಲಿಂಗ್ ಗೆದ್ದಿತು. ಮೂರಕ್ಕೂ ಮೈಕಿ ಮಾಹರ್ ನಾಯಕ. ಟಬ್ಬರಡೋರ ಪಟ್ಟಣವಲ್ಲ, ಕೆಲವೇ ಮನೆಗಳ ಜಾಗ. ಒಂದು ಕಡೆ ಅಂಥ ಗೆಲುವು, ಅದೇ ಸೀಮೆಯಲ್ಲಿ ನಿಮ್ಮ ಊರಿನ ಮೌನ. ನಿಮ್ಮ ಹುಡುಗರು ಆಟ ಬಿಟ್ಟರೋ, ಪಕ್ಕದ ಕ್ಲಬ್ಬಿಗೆ ಹೋದರೋ, ಊರನ್ನೇ ಬಿಟ್ಟರೋ? ಆ ಕಾಲದ ಪೊಲೀಸರು ಈ ಕ್ಲಬ್‌ಗಳ ಮೇಲೆ ಕಣ್ಣಿಟ್ಟು ವರದಿ ಬರೆಯುತ್ತಿದ್ದರು. ಅವು ಡಬ್ಲಿನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನೀವು ಮೂರು ಗಂಟೆಯೊಳಗೆ ಅಲ್ಲಿಗೆ ಹೋಗಬಲ್ಲಿರಿ. ನನಗೆ ಆ ಭಾಗ್ಯ ಇಲ್ಲ.

ಹೀಗೆ ನೀವು ಮುಚ್ಚಿಬಿಟ್ಟ ಇನ್ನೊಂದು ಬಾಗಿಲು "1941ರಲ್ಲಿ ಕಾರಣಾಂತರಗಳಿಂದ ಪಂದ್ಯಗಳು ನಡೆಯಲಿಲ್ಲ" ಅನ್ನುವ ಸಾಲು. ದಯವಿಟ್ಟು ಕಾರಣಾಂತರ ಅನ್ನುವ ಪದವನ್ನು ಚರಿತ್ರೆ ಬರೆಯುವಾಗ ಮರೆತುಬಿಡಿ. ಕಾರಣ ಕಾಲುಬಾಯಿ ಜ್ವರ. ಆಡುವವರು ದನ ಸಾಕುವವರು, ಜನ ಸೇರಿದರೆ ರೋಗ ಹಬ್ಬುತ್ತದೆ. ಟಿಪ್ಪರೇರಿ, ಕಿಲ್ಕೆನ್ನಿ ಎರಡೂ ಜಿಲ್ಲೆಗಳ ತಂಡಗಳನ್ನು ಆ ವರ್ಷದ ಅಖಿಲ ಐರ್ಲೆಂಡ್ ಹರ್ಲಿಂಗಿನಿಂದ ಹೊರಗಿಟ್ಟರು. ಕಾರ್ಕ್ ಗೆದ್ದಿತು. ಮುಂದಕ್ಕೆ ಹಾಕಿದ್ದ ಮನ್‌ಸ್ಟರ್ ಪ್ರಾಂತ್ಯದ ಫೈನಲ್ ಅದಾದ ಮೇಲೆ ನಡೆದಾಗ ಟಿಪ್ಪರೇರಿ ಅದೇ ಕಾರ್ಕನ್ನು ಸೋಲಿಸಿತು. ಹಟ್ಟಿಯಲ್ಲಿ ಹಸು ಇಟ್ಟುಕೊಂಡ ನಮ್ಮ ಓದುಗರು ಈ ಒಂದು ಪ್ಯಾರಾ ಓದಿದರೆ ಆ ಊರು ಅವರಿಗೆ ಹತ್ತಿರವಾಗುತ್ತದೆ. ನೀವು ಮೂರು ಕಡೆ ಚಿನ್ನಿದಾಂಡನ್ನು ಎಳೆದು ತಂದರೂ ಆಗದ ಕೆಲಸ ಅದು. ಚಿನ್ನಿದಾಂಡು ಬೇಡ, ತೆಗೆಯಿರಿ. "ಐರಿಶ್ ಹಾಕಿ" ಅನ್ನುವುದನ್ನೂ ತೆಗೆಯಿರಿ. ಹಾಕಿಯಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಗಾಳಿಯಲ್ಲಿ ಹೊಡೆಯುತ್ತಾರಾ? ಆಶ್ ಮರದ ಕೋಲು, ತೊಗಲಿನ ಚೆಂಡು, ಅಡ್ಡಪಟ್ಟಿಯ ಮೇಲೆ ಹೋದರೆ ಒಂದು ಪಾಯಿಂಟ್, ಕೆಳಗೆ ಬಲೆಗೆ ಬಿದ್ದರೆ ಗೋಲು. ನೋಡಿದ್ದನ್ನು ಹಾಗೇ ಬರೆದರೆ ಸಾಕು.

ಪ್ಯಾರಿಷ್ ಅನ್ನುವುದಕ್ಕೆ ಗ್ರಾಮ ಪಂಚಾಯಿತಿ ಅಂತ ಹಾಕಿದ್ದೀರಿ. ಅದು ತಪ್ಪು ದಾರಿ. ಒಂದು ಚರ್ಚಿಗೆ ಸೇರಿದ ಹಲವು ಪುಟ್ಟ ಊರುಗಳ ಸುತ್ತಳತೆ ಅದು. ಒಂದು ಪ್ಯಾರಿಷ್‌ಗೆ ಒಂದು ಕ್ಲಬ್ ಅನ್ನುವ ರೂಢಿ ಮೊದಲಿನಿಂದ ಬೇರೂರಿದೆ. ಹುಟ್ಟಿದ ಪ್ಯಾರಿಷ್‌ಗೆ ಆಡುವುದು, ಸಂಬಳ ಇಲ್ಲದೆ ಆಡುವುದು, ಅಖಿಲ ಐರ್ಲೆಂಡ್ ಫೈನಲ್ ಆಡಿದವನೂ ಮತ್ತೆ ಊರ ತಂಡಕ್ಕೆ ಬರುವುದು. ಈ ಪದವನ್ನು ಹಾಗೇ ಇಟ್ಟು ಒಮ್ಮೆ ವಿವರಿಸಿ. ಇಲ್ಲದಿದ್ದರೆ ಜನ ಕಡಿಮೆಯಾದಾಗ ಎರಡು ಕ್ಲಬ್ ಒಂದಾಗುವುದು ಯಾಕೆ ಅಷ್ಟು ನೋವಿನ ವಿಷಯ ಅಂತ ಅರ್ಥವಾಗುವುದಿಲ್ಲ. 1950ರ ದಶಕವೊಂದರಲ್ಲೇ ಸುಮಾರು 4 ಲಕ್ಷ ಜನ ಐರ್ಲೆಂಡ್ ಬಿಟ್ಟರು. ಹದಿನೈದು ಹುಡುಗರು ಎಲ್ಲಿಂದ ಬರಬೇಕು?

1971ರವರೆಗೆ ಇದ್ದ ನಿಷೇಧವನ್ನು ನೀವು ಮುಟ್ಟಿಯೇ ಇಲ್ಲ. ಸಂಘದ ಸದಸ್ಯರು ಇಂಗ್ಲಿಷರ ಆಟಗಳಾದ ರಗ್ಬಿ, ಸಾಕರ್, ಹಾಕಿ, ಕ್ರಿಕೆಟ್ ಆಡುವಂತಿರಲಿಲ್ಲ, ನೋಡಲು ಹೋಗುವಂತೆಯೂ ಇರಲಿಲ್ಲ. 1938ರಲ್ಲಿ ದೇಶದ ರಾಷ್ಟ್ರಪತಿ ಡಗ್ಲಸ್ ಹೈಡ್ ಒಂದು ಸಾಕರ್ ಪಂದ್ಯಕ್ಕೆ ಹೋದರು ಅಂತ ಅವರನ್ನು ಸಂಘದ ಪೋಷಕರ ಸ್ಥಾನದಿಂದ ತೆಗೆದರು. ರಾಷ್ಟ್ರಪತಿಗೇ ಹೀಗಾದರೆ ಹಳ್ಳಿಯ ಹುಡುಗನಿಗೆ ಹೇಗೆ? 1971ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದರ ಆಸುಪಾಸು. ಆ ಗೇಟಿನ ಹತ್ತಿರವೇ ನಿಮಗೆ ಸಿಗುತ್ತಾರೆ. ಈ ವರ್ಷ ಕೇಳಿ, ಮುಂದೆ ಹಾಕಬೇಡಿ. ಬ್ರಿಟನ್ ಜೊತೆಗಿನ ಒಪ್ಪಂದದ ಪರ, ವಿರುದ್ಧ ಅಂತ ಐರಿಶರೇ ಕಾದಾಡಿದ ಅಂತರ್ಯುದ್ಧದ ಮಾತು ಬಂದರೆ ಮಾತ್ರ ಮೆಲ್ಲಗೆ. 1922ರಲ್ಲಿ ಯಾರ ಅಜ್ಜ ಯಾವ ಕಡೆ ಇದ್ದರು ಅನ್ನುವುದು ಕೆಲವು ಮನೆಗಳಲ್ಲಿ ಇನ್ನೂ ಹಸಿಯಾಗಿರಬಹುದು. "ಕ್ಲಬ್ ಎಲ್ಲರನ್ನೂ ಒಂದುಗೂಡಿಸಿತು" ಅಂತ ಕೇಳದೇ ಬರೆದುಬಿಡಬೇಡಿ.

ಇಡೀ ಲೇಖನದಲ್ಲಿ ನನ್ನನ್ನು ನಿಲ್ಲಿಸಿದ್ದು ಹದಿಮೂರನೇ ಪುಟದ ನಾಲ್ಕು ಸಾಲು. ಪಕ್ಕದ ಮನೆಯ ಹಿರಿಯ ಹೆಂಗಸು ಸೋಮವಾರ ಬೆಳಿಗ್ಗೆ ತಂಡದ ಜರ್ಸಿಗಳನ್ನೆಲ್ಲ ಒಗೆದು ನಂಬರ್ ಪ್ರಕಾರ ಹಗ್ಗಕ್ಕೆ ಹಾಕುತ್ತಾರೆ, ಮಳೆ ಬಂದರೆ ನೀವೂ ಓಡಿ ಹೋಗಿ ತೆಗೆಯುತ್ತೀರಿ. ಎಷ್ಟು ವರ್ಷದಿಂದ ಒಗೆಯುತ್ತಿದ್ದಾರೆ? ಅವರೂ ಆಡುತ್ತಿದ್ದರಾ? ಕಮೋಗಿ, ಅಂದರೆ ಹೆಂಗಸರು ಆಡುವ ಹರ್ಲಿಂಗ್, ಅದರ ಸಂಘ 1904ರಲ್ಲೇ ಹುಟ್ಟಿದೆ. ಹೆಂಗಸರ ಗೇಲಿಕ್ ಫುಟ್‌ಬಾಲ್ ಸಂಘ ಹುಟ್ಟಿದ್ದು 1974ರಲ್ಲಿ, ಥರ್ಲಸ್‌ನ ಅದೇ ಹೇಯ್ಸ್ ಹೋಟೆಲಿನಲ್ಲಿ. ನೀವು ಒಂದೂವರೆ ಪುಟ ವರ್ಣಿಸಿದ ಹೋಟೆಲ್ ಅದು. ಆದರೂ ಹೆಂಗಸರ ಬಗ್ಗೆ ನಿಮ್ಮಲ್ಲಿರುವುದು "ಮಹಿಳೆಯರೂ ಸಕ್ರಿಯವಾಗಿ ಪಾಲ್ಗೊಳ್ಳುತ್ತಾರೆ" ಅನ್ನುವ ಒಂದೇ ಸಾಲು. ಆ ನಾಲ್ಕು ಸಾಲು ಬರೆದ ಕೈಗೆ ಈ ಸಾಲು ಒಪ್ಪುವುದಿಲ್ಲ.

ಹೊಸ ಕರಡು ಎಂಟು ಪುಟ ಮೀರದಿರಲಿ. 1884 ಒಂದು ಪ್ಯಾರಾದಲ್ಲಿ ಮುಗಿಯಲಿ. ಕಪ್‌ಗಳ ಪಟ್ಟಿ ಬೇಡ, ಅದನ್ನು ಕ್ಲಬ್ಬಿನವರು ಗೋಡೆಗೆ ಹಾಕಿಕೊಂಡಿರುತ್ತಾರೆ. ಆ ಏಳೆಂಟು ವರ್ಷದ ಬಗ್ಗೆ ಏನೂ ಸಿಗಲಿಲ್ಲ ಅಂದರೆ ಎಲ್ಲೆಲ್ಲಿ ಹುಡುಕಿದಿರಿ ಅಂತಲೇ ಬರೆಯಿರಿ. ಅವಸರ ಇಲ್ಲ, ಮೂರು ತಿಂಗಳು ತಗೊಳ್ಳಿ.

ಆ ಫೋಟೋದ ಮೂಲ ಪ್ರತಿ ಯಾರ ಮನೆಯಲ್ಲಿದೆಯೋ ಅಲ್ಲಿಗೆ ಹೋದಾಗ ಚೌಕಟ್ಟಿನಿಂದ ಬಿಚ್ಚಲು ಒಪ್ಪುತ್ತಾರಾ ಕೇಳಿ ನೋಡಿ. ಒಪ್ಪಿದರೆ ಹಿಂಬದಿಯದ್ದೂ ಒಂದು ಫೋಟೋ ತೆಗೆದು ಕಳಿಸಿ. ಹೆಸರು, ಇಸವಿ ಬರೆದಿಡುವವರು ಎಷ್ಟೋ ಸಲ ಅಲ್ಲೇ ಬರೆದಿರುತ್ತಾರೆ.

ಇಂತಿ,
ಸಂಪಾದಕ