ಡೆಕ್ ಅಂಟಿಸುವ ಮೊದಲು ದೋಣಿಯನ್ನು ನೀರಿಗಿಳಿಸಿ

ನಿಮ್ಮ ಪ್ರಶ್ನೆ ಓದಿದೆ. ನಕ್ಷೆ ನಿಮ್ಮದೇ, 80 ಸೆಂ.ಮೀ. ಉದ್ದದ, ರಿಮೋಟಿನಲ್ಲಿ ಓಡುವ ಮಾದರಿ ಟಗ್ ಬೋಟ್ (ದೊಡ್ಡ ಹಡಗುಗಳನ್ನು ಎಳೆಯುವ ದೋಣಿ), ಫ್ರೇಮುಗಳ ಮೇಲೆ ಮರದ ಪಟ್ಟಿ ಅಂಟಿಸಿ ಮುಗಿದಿದೆ. ಈ ವಾರ ಡೆಕ್ (ಮೇಲಿನ ಹಲಗೆ) ಮುಚ್ಚಿ ಬಣ್ಣ ಹೊಡೆಯಬೇಕು, ಯಾವ ಬಣ್ಣ, ಅಡಿಭಾರ (ದೋಣಿ ಸಮ ನಿಲ್ಲಲು ತಳದಲ್ಲಿಡುವ ಸೀಸದ ತೂಕ) ಎಷ್ಟು ಅಂತ ಕೇಳಿದ್ದೀರಿ. ಫೋಟೊದಲ್ಲಿ ಮೈ ತುಂಬಾ ಚೆನ್ನಾಗಿ ಬಂದಿದೆ, ಮೂತಿಯ ತಿರುವಿನಲ್ಲಿ ಒಂದು ಪಟ್ಟಿಯೂ ಉಬ್ಬಿಲ್ಲ. ಆದರೆ ದಯವಿಟ್ಟು ಡೆಕ್ ಈಗಲೇ ಅಂಟಿಸಬೇಡಿ.

ನನ್ನ ಮೊದಲ ಸ್ವಂತ ವಿನ್ಯಾಸದ ದೋಣಿಗೆ ನಾನು ಹಾಗೇ ಮಾಡಿದ್ದೆ. ಬಣ್ಣ, ವಾರ್ನಿಷ್ ಎಲ್ಲಾ ಮುಗಿಸಿ ನೀರಿಗೆ ಬಿಟ್ಟರೆ ಎಡಕ್ಕೆ ವಾಲಿ ನಿಂತಿತು. ಬ್ಯಾಟರಿ ಪಕ್ಕಕ್ಕೆ ಸರಿಸಲು ಒಳಗೆ ಕೈ ಹೋಗುತ್ತಿರಲಿಲ್ಲ. ಮೂರು ತಿಂಗಳ ಕೆಲಸದ ಡೆಕ್ಕನ್ನು ಗರಗಸದಿಂದ ಕೊಯ್ದೆ. ಆ ನೋವು ನಿಮಗೆ ಬೇಡ.

ಮೊದಲು ತೂಕದ ಲೆಕ್ಕ. ದೋಣಿ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ನೀವು ಕೊಟ್ಟ ಅಳತೆ 80 ಉದ್ದ, 20 ಅಗಲ, ನೀರಿನೊಳಗೆ 6 ಸೆಂ.ಮೀ. ಇಷ್ಟರ ಪೆಟ್ಟಿಗೆಯಾದರೆ 9,600 ಘನ ಸೆಂ.ಮೀ. ದೋಣಿಯ ಮೈ ಪೆಟ್ಟಿಗೆಯಲ್ಲವಲ್ಲ, ಮೂತಿಯಲ್ಲೂ ಹಿಂದೆಯೂ ಚೂಪಾಗುತ್ತದೆ. ನಿಮ್ಮ ಆಕಾರಕ್ಕೆ ಅದರಲ್ಲಿ ನೂರಕ್ಕೆ ಸುಮಾರು 55 ಪಾಲು ಹಿಡಿಯಬಹುದು. ಅಂದರೆ 5,280 ಘನ ಸೆಂ.ಮೀ., ಸಿಹಿನೀರಿನಲ್ಲಿ ಹೆಚ್ಚುಕಮ್ಮಿ 5.3 ಕೆಜಿ. ದೋಣಿ, ಮೋಟರ್, ಬ್ಯಾಟರಿ, ಬಣ್ಣ, ಸೀಸ ಎಲ್ಲಾ ಸೇರಿ ಇಷ್ಟಾದರೆ ನೀವು ಬರೆದ ನೀರಿನ ಗೆರೆಯವರೆಗೆ ಮುಳುಗುತ್ತದೆ. ನಿಮ್ಮದು 20 ಮೀಟರಿನ ಟಗ್ಗಿನ 25ರಲ್ಲಿ ಒಂದು ಪಾಲು ಅಲ್ವಾ? ಉದ್ದ 25 ಪಟ್ಟು ಇಳಿದರೆ ತೂಕ 25×25×25, ಅಂದರೆ 15,625 ಪಟ್ಟು ಇಳಿಯುತ್ತದೆ. ವೇಗ ಮಾತ್ರ 25ರ ವರ್ಗಮೂಲದಷ್ಟು, ಅಂದರೆ 5 ಪಟ್ಟು ಇಳಿದರೆ ಸಾಕು. ನಿಜವಾದ ಟಗ್ 10 ನಾಟ್ (ಗಂಟೆಗೆ ಸುಮಾರು 18.5 ಕಿ.ಮೀ.) ಓಡಿದರೆ ನಿಮ್ಮದು ಸೆಕೆಂಡಿಗೆ ಒಂದು ಮೀಟರ್ ಓಡಬೇಕು. ನಡಿಗೆಯ ವೇಗ ಅಷ್ಟೆ. ಆಗ ಮೂತಿಯ ಮುಂದೆ ಏಳುವ ಅಲೆ ನಿಜದ ಹಾಗೇ ಕಾಣುತ್ತದೆ. ಅದಕ್ಕೇ ದೊಡ್ಡ ಮೋಟರ್ ಬೇಡ ಅನ್ನುವುದು.

ಈಗ ಮೈಯ ಕೆಲಸ. ಒಳಗೆ ತೆಳುವಾಗಿ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಬಳಿಯಿರಿ, ಮೂಲೆ ಮೂಲೆಗೂ. ಹೊರಗೆ ತೆಳು ಗ್ಲಾಸ್ ಬಟ್ಟೆ (ಗಾಜಿನ ನಾರಿನ ಬಟ್ಟೆ) ಹಾಸಿ ಎಪಾಕ್ಸಿ ಬಳಿದು, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಜಾಸ್ತಿಯಾದ ಎಪಾಕ್ಸಿಯನ್ನು ಎಳೆದು ತೆಗೆಯಿರಿ. ಬಟ್ಟೆಯ ನೇಯ್ಗೆ ಕಾಣುತ್ತಿದ್ದರೆ ಸರಿಯಾಗಿದೆ ಅಂತಲೇ ಅರ್ಥ. ಅದನ್ನು ಎರಡನೇ ಬಳಿತ ಮುಚ್ಚುತ್ತದೆ. ಒಣಗಿದ ಮೇಲೆ ಕೆಲವು ಎಪಾಕ್ಸಿಗಳ ಮೇಲೆ ಜಿಡ್ಡಿನಂಥ ಪದರ ಬರುತ್ತದೆ. ಸೋಪು ನೀರಿನಲ್ಲಿ ತೊಳೆಯದೆ ಉಜ್ಜಬೇಡಿ, ಬಣ್ಣ ಹಿಡಿಯುವುದಿಲ್ಲ. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಗಾಜಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಪ್ರೊಪೆಲರ್ ಶಾಫ್ಟಿನ ಕೊಳವೆ, ಚುಕ್ಕಾಣಿಯ ಕೊಳವೆ ಎರಡನ್ನೂ ಈಗಲೇ ಕೂರಿಸಿ. ಎರಡರ ಒಳಬಾಯಿಯೂ ನೀರಿನ ಗೆರೆಗಿಂತ ಮೇಲೆ ಬರುವ ಹಾಗಿರಲಿ. ಆಗ ಸೋರಿದರೂ ನೀರು ಒಳಗೆ ಬರುವುದಿಲ್ಲ. ಶಾಫ್ಟಿಗೆ ಗ್ರೀಸ್ ತುಂಬಿ. ಮೋಟರ್ ಜೋಡಿಸುವಾಗ ಬಾಗುವ ಕಪ್ಲಿಂಗ್ (ಮೋಟರನ್ನು ಶಾಫ್ಟಿಗೆ ಸೇರಿಸುವ ಕೊಂಡಿ) ಬದಲು ಮೊದಲು ಒಂದು ಗಟ್ಟಿ ನೇರ ಕೊಳವೆಯಲ್ಲಿ ಮೋಟರ್, ಶಾಫ್ಟ್ ಎರಡನ್ನೂ ಸೇರಿಸಿ, ಹಾಗೇ ಹಿಡಿದು ಮೋಟರಿನ ಆಸರೆ ಅಂಟಿಸಿ. ಅಂಟು ಗಟ್ಟಿಯಾದ ಮೇಲೆ ಕಪ್ಲಿಂಗ್ ಹಾಕಿ. ಈ ಒಂದು ಕೆಲಸ ಸರಿಯಾದರೆ ಗುರ್ ಅನ್ನುವ ಸದ್ದು, ವ್ಯರ್ಥ ಕರೆಂಟ್ ಎರಡೂ ಹೋಗುತ್ತವೆ.

ಆಮೇಲೆ ಸ್ನಾನದ ಟಬ್. ಮೋಟರ್, ಸರ್ವೊ (ಚುಕ್ಕಾಣಿ ತಿರುಗಿಸುವ ಸಣ್ಣ ಮೋಟರ್), ಬ್ಯಾಟರಿ ಅವುಗಳ ಜಾಗದಲ್ಲಿಡಿ. ಅಂಟಿಸದ ಡೆಕ್, ಕ್ಯಾಬಿನ್, ಕೊನೆಗೆ ಕಂಬದ ತುಂಡೂ ಮೇಲೆ ಕೂರಲಿ. ಸೀಸದ ಚೂರುಗಳನ್ನು ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ತಳಕ್ಕಿಟ್ಟು ಅತ್ತಿತ್ತ ಸರಿಸುತ್ತಾ ನೋಡಿ. ಹಿಂಭಾಗ ಭಾರವಾದರೆ ಸೀಸ ಸೇರಿಸುವ ಮೊದಲು ಬ್ಯಾಟರಿಯನ್ನೇ ಮುಂದೆ ಸರಿಸಿ. ಪುಕ್ಕಟೆ ಅಡಿಭಾರ ಅದು. ಸಮ ನಿಂತ ಮೇಲೆ ಒಂದು ಅಂಚನ್ನು ನೀರಿನ ಹತ್ತಿರದವರೆಗೆ ಒತ್ತಿ ಬಿಡಿ. ಚಟ್ಟನೆ ಎದ್ದರೆ ಸರಿ. ಯೋಚನೆ ಮಾಡಿದ ಹಾಗೆ ನಿಧಾನವಾಗಿ ಎದ್ದರೆ ಮೇಲಿನ ತೂಕ ಜಾಸ್ತಿ ಎಂದರ್ಥ. ಕ್ಯಾಬಿನ್ ಹಗುರ ಮಾಡಬೇಕು, ಸೀಸ ತಳಕ್ಕೆ ಹೋಗಬೇಕು. ಬಣ್ಣಕ್ಕೆ ಅಂತ ಸುಮಾರು 100 ಗ್ರಾಂ ಬಾಕಿ ಇಟ್ಟುಕೊಳ್ಳಿ. ನೀರು ನಿಂತ ಎತ್ತರವನ್ನು ಮೂತಿ, ಹಿಂಭಾಗ, ಎರಡು ಪಕ್ಕ ಪೆನ್ಸಿಲಿನಿಂದ ಗುರುತು ಮಾಡಿ.

ಇದಾದ ಮೇಲೆ ಡೆಕ್. ಆಗಲೂ ಬ್ಯಾಟರಿ, ಶಾಫ್ಟ್ ಎರಡಕ್ಕೂ ಕೈ ಹೋಗುವಷ್ಟು ದೊಡ್ಡ ಕಿಂಡಿ ಬಿಡಿ. ಸುತ್ತ 1 ಸೆಂ.ಮೀ. ಎತ್ತರದ ಅಂಚು ಕಟ್ಟಿ, ಅದರ ಮೇಲೆ ಕ್ಯಾಬಿನ್ ಕೂರಲಿ.

ಬಣ್ಣದ ವಿಷಯ ಚಿಕ್ಕದು. ಪ್ರೈಮರ್ ಹೊಡೆದರೆ ಅಡಗಿದ ಗುಂಡಿ, ಗೀರು ಎಲ್ಲಾ ಕಾಣುತ್ತವೆ. ಪುಟ್ಟಿ ತುಂಬಿ 240 ನಂಬರಿನ ಉಜ್ಜುಕಾಗದದಿಂದ ಉಜ್ಜಿ, ಮತ್ತೆ ಪ್ರೈಮರ್, ಕೊನೆಗೆ 400ರ ಕಾಗದದಿಂದ ನೀರು ಹಾಕಿ ಉಜ್ಜಿ. ಬೇಸರವಾಗುತ್ತದೆ, ಆದರೆ ದೋಣಿಯ ಅಂದ ಇಲ್ಲೇ ತೀರ್ಮಾನವಾಗುವುದು. ಒಂದೇ ಜಾತಿಯ ಬಣ್ಣ ಬಳಸಿ. ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಸುಕ್ಕುಗಟ್ಟುತ್ತದೆ, ಮೊದಲು ಬೇರೆ ಹಲಗೆಯ ಮೇಲೆ ನೋಡಿ. ನೀರಿನ ಗೆರೆ ಎಳೆಯಲು ದೋಣಿಯನ್ನು ಸಮ ಮೇಜಿನ ಮೇಲೆ ಗುರುತುಗಳೆಲ್ಲ ಒಂದೇ ಎತ್ತರಕ್ಕೆ ಬರುವ ಹಾಗೆ ಇಡಿ. ಮರದ ತುಂಡಿಗೆ ಪೆನ್ಸಿಲ್ ಕಟ್ಟಿ ಸುತ್ತ ಎಳೆಯಿರಿ. ಟೇಪ್ ಅಂಟಿಸಿದ ಮೇಲೆ ಅಂಚಿಗೆ ಮೊದಲು ಹಳೆಯ ಬಣ್ಣವನ್ನೇ ಒಂದು ಸಲ ಹೊಡೆಯಿರಿ, ಆಮೇಲೆ ಹೊಸದು. ಕೆಳಗೆ ನುಗ್ಗುವುದಿದ್ದರೆ ಹಳೆಯದೇ ನುಗ್ಗುತ್ತದೆ, ಗೆರೆ ಚೂಪಾಗಿ ಬರುತ್ತದೆ.

ಕೆರೆಗೆ ಒಯ್ಯುವ ಮುಂಚೆ ಸ್ಟ್ಯಾಂಡ್ ಮೇಲೆ ಮೋಟರ್ ಓಡುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಪ್ರೊಪೆಲರ್ ನಿಲ್ಲದಿದ್ದರೆ ಫೇಲ್‌ಸೇಫ್ (ಸಿಗ್ನಲ್ ಹೋದರೆ ಮೋಟರ್ ನಿಲ್ಲಿಸುವ ವ್ಯವಸ್ಥೆ) ಸರಿಪಡಿಸಿ. 2.4 ಗಿಗಾಹರ್ಟ್ಸ್ ಸಿಗ್ನಲ್ ನೀರನ್ನು ದಾಟುವುದಿಲ್ಲ, ಆಂಟೆನಾ ನೀರಿನ ಗೆರೆಗಿಂತ ಮೇಲಿರಲಿ.

ಟಬ್‌ನಲ್ಲಿ ನಿಂತಿರುವ ಫೋಟೊ ಪಕ್ಕದಿಂದ ಒಂದು, ಹಿಂದಿನಿಂದ ಒಂದು ತೆಗೆದು ಇಲ್ಲೇ ಹಾಕಿ. ಜೊತೆಗೆ ಒಟ್ಟು ತೂಕವನ್ನೂ ಬರೆಯಿರಿ. ಸೀಸ ಎಲ್ಲಿಗೆ ಎಷ್ಟು ಅಂತ ಒಟ್ಟಿಗೇ ಕೂತು ಲೆಕ್ಕ ಹಾಕೋಣ.