900 ಕೆ.ಜಿ. ಕ್ಯಾರವಾನ್ ಎಳೆಯಲು ಯಾವ ಗಾಡಿ: ರಾಣೆಬೆನ್ನೂರಿನವರ ಪ್ರಶ್ನೆಗೆ ಉತ್ತರ

ನಮಸ್ಕಾರ ಸರ್. ಎಂಟು ಲಕ್ಷಕ್ಕೆ 900 ಕೆ.ಜಿ.ಯ ಹಳೆಯ ಕ್ಯಾರವಾನ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಗಾಲಿಮನೆ) ಸಿಗುತ್ತಿದೆ, ಮನೆಯಲ್ಲಿರುವ ಸಣ್ಣ ಪೆಟ್ರೋಲ್ ಕಾರಿಗೇ ಅದನ್ನು ಕಟ್ಟಿಕೊಂಡು ನಾಲ್ವರು ವರ್ಷಕ್ಕೆ ಐದು ಸಲ ಗೋಕರ್ಣ, ಕಾರವಾರದ ಕಡೆ ಹೋಗಿಬರಬಹುದೇ, ಖರ್ಚು ಎಷ್ಟು ಬಿದ್ದೀತು ಎಂದು ಕೇಳಿದ್ದೀರಿ. ಮೂರು ವರ್ಷಗಳಿಂದ ಧಾರವಾಡದಲ್ಲಿ ಇಂಥದೇ ಟ್ರೇಲರ್ ಇಟ್ಟುಕೊಂಡಿರುವ ನಾನು ಮೊದಲು ಹೇಳುವುದಿಷ್ಟೇ: ಮುಂಗಡ ಕೊಡುವ ಮುನ್ನ ಅದನ್ನು ತೂಕ ಮಾಡಿಸಿ.

ನಮಗೂ 900 ಎಂದೇ ಹೇಳಿ ಮಾರಿದ್ದರು. ಪ್ರವಾಸಕ್ಕೆ ಹೊರಟ ಸ್ಥಿತಿಯಲ್ಲೇ ಎಪಿಎಂಸಿ ಹತ್ತಿರದ ವೇಬ್ರಿಜ್ (ಲಾರಿ ತೂಗುವ ಕಟ್ಟೆ) ಮೇಲೆ ನಿಲ್ಲಿಸಿದಾಗ ಚೀಟಿಯಲ್ಲಿ 1,140 ಎಂದು ಬಂತು. ನೀರಿನ ಟ್ಯಾಂಕೇ 80 ಲೀಟರಿನದು, ಎಂದರೆ 80 ಕೆ.ಜಿ.; ಮನೆಯ ಗ್ಯಾಸ್ ಸಿಲಿಂಡರ್ ತುಂಬಿದಾಗ 30ರ ಹತ್ತಿರ; ಉಳಿದದ್ದು ಬ್ಯಾಟರಿ, ಹಾಸಿಗೆ, ಪಾತ್ರೆ, ರೇಶನ್. ಈಗ ನೀರನ್ನು ತಲುಪಿದ ಮೇಲೆ ತುಂಬಿಸಿಕೊಳ್ಳುತ್ತೇವೆ, 5 ಕೆ.ಜಿ.ಯ ಸಣ್ಣ ಸಿಲಿಂಡರ್ ಒಯ್ಯುತ್ತೇವೆ.

ಕ್ಯಾರವಾನ್ ಬಳಕೆ ಹಳೆಯದಾದ ಬ್ರಿಟನ್ನಿನಲ್ಲಿ ಹೊಸಬರಿಗೆ ಕೊಡುವ ಸಲಹೆಯ ಪ್ರಕಾರ, ತುಂಬಿದ ಕ್ಯಾರವಾನಿನ ತೂಕ ಎಳೆಯುವ ಗಾಡಿಯ ಸ್ವಂತ ತೂಕದ ಶೇ 85ರೊಳಗೆ ಇರಬೇಕು. 1,140 ಕೆ.ಜಿ.ಗೆ ಆ ಲೆಕ್ಕ ಹಾಕಿದರೆ ಗಾಡಿ ಕನಿಷ್ಠ 1,340 ಕೆ.ಜಿ. ತೂಗಬೇಕಾಗುತ್ತದೆ. ನಿಮ್ಮ ಸಣ್ಣ ಕಾರು ಸಾವಿರದ ಆಸುಪಾಸಿನದು. ಸಮತಟ್ಟಾದ ರಸ್ತೆಯಲ್ಲಿ ಅದು ಎಳೆದೀತು, ಆದರೆ ಅರಬೈಲು ಘಟ್ಟ ಇಳಿಯುವಾಗ ಹಿಂದಿನ ಭಾರವೇ ಕಾರನ್ನು ತಳ್ಳಿಕೊಂಡು ಹೋಗುತ್ತದೆ. ಆದ್ದರಿಂದ ದಯವಿಟ್ಟು ಆ ಕಾರಿಗೆ ಕಟ್ಟಬೇಡಿ.

ಗಾಡಿ ಆರಿಸುವಾಗ ಅಶ್ವಶಕ್ತಿಗಿಂತ, ಎಂಜಿನ್ ನಿಧಾನವಾಗಿ ತಿರುಗುವಾಗ, ಎಂದರೆ ಕಡಿಮೆ ಆರ್‌ಪಿಎಂನಲ್ಲಿ ಸಿಗುವ ಟಾರ್ಕ್ (ತಿರುಗಿಸುವ ಬಲ) ನೋಡಿ. ಬೊಲೆರೊದ 1.5 ಲೀಟರ್ ಡೀಸೆಲ್ ಎಂಜಿನ್ನಿನದು 210 ನ್ಯೂಟನ್ ಮೀಟರ್, ಇನೋವಾ ಕ್ರಿಸ್ಟಾದ 2.4 ಲೀಟರ್ ಡೀಸೆಲ್ ಮ್ಯಾನ್ಯುಯಲ್‌ನದು 343. ಎರಡಕ್ಕೂ ಪ್ರತ್ಯೇಕ ಚಾಸಿ (ಕೆಳಗಿನ ಉಕ್ಕಿನ ಚೌಕಟ್ಟು) ಇರುವುದರಿಂದ ಟ್ರೇಲರ್ ಕಟ್ಟುವ ಹುಕ್ಕನ್ನು ಅದಕ್ಕೇ ಬೋಲ್ಟ್ ಹಾಕಿ ಕೂರಿಸಬಹುದು. ಬಂಪರಿಗೆ ವೆಲ್ಡಿಂಗ್ ಮಾಡಿಸಿದ ಹುಕ್ಕನ್ನು ನಂಬಬಾರದು. ನಿಮ್ಮ ಟ್ರೇಲರಿನ ತೂಕಕ್ಕೆ ನನ್ನ ಆಯ್ಕೆ ಹಳೆಯ ಕ್ರಿಸ್ಟಾ. ಯಾವುದೇ ಗಾಡಿಯಾಗಲಿ, ಕಂಪನಿಯ ಕೈಪಿಡಿಯಲ್ಲಿ ಟ್ರೇಲರ್ ಎಳೆಯಬಾರದು ಎಂದಿದ್ದರೆ ಅದನ್ನು ಕೈಬಿಡಿ. ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ವಾಹನವೇ ಆದುದರಿಂದ ಅದರ ನೋಂದಣಿ, ವಿಮೆ ಕಾಗದಗಳನ್ನೂ ನೋಡಿಯೇ ವ್ಯವಹಾರ ಮುಗಿಸಿ.

ಎತ್ತಿನ ಗಾಡಿ ಹೂಡಿದವರಿಗೆ ಭಾರದ ಹಂಚಿಕೆಯನ್ನು ಬಿಡಿಸಿ ಹೇಳಬೇಕಿಲ್ಲ: ಹೇರು ಹಿಂದಾದರೆ ಮೂಕಿ ಮೇಲೇಳುತ್ತದೆ, ಮುಂದಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಕ್ಯಾರವಾನಿಗೂ ಅದೇ ಮಾತು. ಮೊದಲ ವರ್ಷ ನಾವು ಒಲೆ, ಪಾತ್ರೆ, ನೀರಿನ ಕ್ಯಾನುಗಳನ್ನೆಲ್ಲ ಹಿಂಬದಿಗೆ ತುಂಬಿದ್ದೆವು. ಹಾವೇರಿ ದಾಟಿದ ಮೇಲೆ 80ರ ವೇಗದಲ್ಲಿದ್ದಾಗ ಬಸ್ಸೊಂದು ಪಕ್ಕದಲ್ಲಿ ಹಾದು ಹೋಯಿತು. ಟ್ರೇಲರಿನ ಬಾಲ ಎಡಬಲಕ್ಕೆ ಬೀಸತೊಡಗಿ, ಸ್ಟೀರಿಂಗ್ ಕೈಯಲ್ಲಿ ಹಗುರವಾಯಿತು. ಬ್ರೇಕ್ ಒತ್ತದೆ, ಸ್ಟೀರಿಂಗ್ ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದುದರಿಂದ ಉಳಿದೆವು. ಮನೆಗೆ ಬಂದು ಟ್ರೇಲರ್ ಬಿಚ್ಚಿ, ಹುಕ್ಕಿಗೆ ಸಿಕ್ಕಿಸುವ ಅದರ ಮೂತಿಯ ಕೆಳಗೆ ಮನುಷ್ಯರು ನಿಂತು ನೋಡುವ ತೂಕದ ಯಂತ್ರ ಇಟ್ಟರೆ, ಬರೀ 38 ಕೆ.ಜಿ. ತೋರಿಸಿತು. ಒಟ್ಟು ತೂಕದ ಶೇ 5ರಿಂದ 7, ಎಂದರೆ 57ರಿಂದ 80 ಕೆ.ಜಿ. ಅಲ್ಲಿ ಬೀಳಬೇಕಿತ್ತು. ಭಾರದ ಸಾಮಾನನ್ನು ಅಚ್ಚಿನ ಮೇಲೆ ಮತ್ತು ತುಸು ಮುಂದಕ್ಕೆ ಸರಿಸಿ 70ಕ್ಕೆ ತಂದ ಮೇಲೆ ಆ ಬೀಸು ಮತ್ತೆ ಕಾಣಿಸಿಕೊಂಡಿಲ್ಲ.

ಇನ್ನು ಖರ್ಚು. ಹೋಗಿಬರಲು 320 ಕಿ.ಮೀ. ಎಂದಿಟ್ಟುಕೊಳ್ಳಿ. ನಮ್ಮ ಗಾಡಿ ಒಂಟಿಯಾಗಿ ಲೀಟರಿಗೆ 13 ಕಿ.ಮೀ. ಓಡಿದರೆ ಟ್ರೇಲರ್ ಕಟ್ಟಿದಾಗ ಎಂಟೂವರೆಗೆ ಇಳಿಯುತ್ತದೆ. ಡೀಸೆಲ್ 90 ರೂಪಾಯಿ ಎಂದರೆ ಒಂದು ಪ್ರವಾಸಕ್ಕೆ ಹೆಚ್ಚುವರಿ 1,200 ರೂಪಾಯಿಯೊಳಗೇ. ಭಾರ ಬೀಳುವುದು ಅಲ್ಲಲ್ಲ, ಅದು ಮನೆಯ ಮುಂದೆ ನಿಂತ ದಿನಗಳಲ್ಲಿ. ಎಂಟು ಲಕ್ಷವನ್ನು ಶೇ 7ರ ಠೇವಣಿಗಿಟ್ಟರೆ ವರ್ಷಕ್ಕೆ 56,000 ಬರುತ್ತಿತ್ತು. ಐದು ಪ್ರವಾಸಕ್ಕೆ ಮೂರು ರಾತ್ರಿಯಂತೆ ಹದಿನೈದು ರಾತ್ರಿಗಳಿಗೆ 3,000ದ ಕೋಣೆ ಹಿಡಿದರೂ ಆಗುವುದು 45,000. ಟ್ರೇಲರಿಗಾದರೆ ಆ 56,000ದ ಮೇಲೆ ವಿಮೆ, ಬ್ಯಾಟರಿ, ಮಳೆಗಾಲಕ್ಕೆ ತಗಡಿನ ಶೆಡ್ಡು, ಸವೆಯದಿದ್ದರೂ ವಯಸ್ಸಾಗಿ ಬಿರುಕು ಬಿಡುವ ಟೈರು. ಆದ್ದರಿಂದ ಹಣ ಉಳಿಸುವ ಆಸೆಯಿಂದ ಕೊಳ್ಳಬೇಡಿ. ನಾನು ಇಟ್ಟುಕೊಂಡಿರುವುದು ನನ್ನ ತಾಯಿಗಾಗಿ: ಮೊಣಕಾಲು ನೋವಿನ ಅವರಿಗೆ ಗಾಡಿ ನಿಂತಲ್ಲೆಲ್ಲ ಎತ್ತರದ ಕಮೋಡು, ಬಿಸಿ ರೊಟ್ಟಿ ಸಿಗುತ್ತವೆ. ಚಲಿಸುವಾಗ ಮಾತ್ರ ಟ್ರೇಲರಿನೊಳಗೆ ಯಾರನ್ನೂ ಕೂರಿಸುವುದಿಲ್ಲ.

ಮಾರುವವರು ಒಪ್ಪಿದರೆ, ತಕ್ಕ ತೂಕದ ಗಾಡಿಯನ್ನು ಬಾಡಿಗೆಗೆ ಹಿಡಿದು ಒಂದು ರಾತ್ರಿಯ ಮಟ್ಟಿಗೆ ಹೋಗಿ ಬನ್ನಿ. ವೇಬ್ರಿಜ್ ಚೀಟಿ ಮತ್ತು ಹುಕ್ಕಿನ ಮೇಲೆ ಬೀಳುವ ತೂಕ ಎರಡನ್ನೂ ಇಲ್ಲಿ ಹಾಕಿ, ನಾನು ನೋಡಿ ಹೇಳುತ್ತೇನೆ.